ಬಿಸಿಲ ನಾಡಿನಲ್ಲಿ ರಂಜಕದ ಲೆಕ್ಕ
ತ್ಯಾಜ್ಯನೀರಿನ ಜೈವಿಕ ಶುದ್ಧೀಕರಣದ ಮೇಲೆ ಉಷ್ಣತೆಯ ಪ್ರಭಾವ: ಸಣ್ಣ ಉದ್ದಿಮೆದಾರರಿಗೊಂದು ಅಧ್ಯಯನ ಲೇಖನ

ಪೀಠಿಕೆ

ಚಳ್ಳಕೆರೆ, ತಳಕು, ಮೊಳಕಾಲ್ಮೂರು ಭಾಗದ ನಮ್ಮ ಸದಸ್ಯರಲ್ಲಿ ಎಣ್ಣೆ ಮಿಲ್ಲಿನವರು, ರೇಷ್ಮೆಗೆ ಬಣ್ಣ ಹಾಕಿಸುವವರು, ಹಾಲು ಶೀತಲೀಕರಣ ಮಾಡುವವರು, ಹೋಟೆಲು ಮತ್ತು ಕಲ್ಯಾಣ ಮಂಟಪಗಳ ಮಾಲೀಕರು ಎಲ್ಲರೂ ಇದ್ದಾರೆ. ಇವರಲ್ಲಿ ಯಾರ ಘಟಕದಿಂದ ನೀರು ಹೊರಗೆ ಹರಿಯುತ್ತದೆಯೋ ಅವರೆಲ್ಲರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅನುಬಂಧವನ್ನು ಒಮ್ಮೆ ಗಮನವಿಟ್ಟು ಓದುವುದು ಅವಶ್ಯ. ಬಿಓಡಿ, ಸಿಓಡಿ, ಎಣ್ಣೆ-ಜಿಡ್ಡು ಇವುಗಳ ಮಿತಿಯನ್ನು ಬಹುತೇಕರು ಬಲ್ಲರು. ಅದೇ ಪಟ್ಟಿಯಲ್ಲಿ ಕೆಳಗೆಲ್ಲೋ ಇರಬಹುದಾದ ರಂಜಕ ಅಥವಾ ಫಾಸ್ಫೇಟ್ ಎಂಬ ಸಾಲನ್ನು ಗಮನಿಸುವವರು ವಿರಳ.

1986ರ ಪರಿಸರ (ಸಂರಕ್ಷಣೆ) ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಹಳ್ಳ, ಕೆರೆ, ನದಿ ಮೊದಲಾದ ಒಳನಾಡಿನ ಜಲಮೂಲಗಳಿಗೆ ಬಿಡುವ ನೀರಿನಲ್ಲಿ ಕರಗಿದ ಫಾಸ್ಫೇಟ್, ರಂಜಕದ ಲೆಕ್ಕದಲ್ಲಿ, ಲೀಟರಿಗೆ 5 ಮಿಲಿಗ್ರಾಂ ಮೀರಬಾರದು. ಊರ ಚರಂಡಿ ನೀರಿನ ಶುದ್ಧೀಕರಣ ಘಟಕಗಳ ವಿಷಯದಲ್ಲಿ 2017ರ ಅಕ್ಟೋಬರ್ ಅಧಿಸೂಚನೆಯು ಸಾರಜನಕ, ರಂಜಕಗಳ ಮಿತಿಯನ್ನು ನಮೂದಿಸದೆ ಕೈಬಿಟ್ಟಿತ್ತು. ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲ್ 30ರ ಆದೇಶದಲ್ಲಿ ಕೆರೆಗಳಿಗೆ ಸೇರುವ ಶುದ್ಧೀಕೃತ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಎಂಬ ತಜ್ಞರ ಶಿಫಾರಸನ್ನು ಎತ್ತಿಹಿಡಿಯಿತು. ಗಾಳಿ ಬೀಸುವ ದಿಕ್ಕು ಇದರಿಂದ ಸ್ಪಷ್ಟವಾಗುತ್ತದೆ. ಇಂದು ಐದು ಎಂದಿರುವುದು ನಾಳೆ ಇನ್ನೂ ಬಿಗಿಯಾಗಬಹುದು.

ಈ ಮಿತಿಯೊಳಗೆ ಇರಲು ಎರಡು ದಾರಿಗಳಿವೆ. ಒಂದು, ಆಲಂ ಅಥವಾ ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ಗಸಿಯಾಗಿ ಇಳಿಸುವ ರಾಸಾಯನಿಕ ಮಾರ್ಗ. ಇನ್ನೊಂದು, ಜೀವಾಣುಗಳ ಮೂಲಕ ರಂಜಕವನ್ನು ಹೀರಿಸುವ ಜೈವಿಕ ಮಾರ್ಗ. ಎರಡನೆಯದು ಅಗ್ಗ. ಆದರೆ ಅದು ಉಷ್ಣತೆಗೆ ಬಹಳ ಸೂಕ್ಷ್ಮ. ಯಂತ್ರ ಮಾರುವವರು ತೋರಿಸುವ ವಿನ್ಯಾಸದ ಅಂಕಿಗಳು ಅನೇಕ ವೇಳೆ ಚಳಿ ದೇಶಗಳಲ್ಲಿ ಸಿದ್ಧವಾದವು. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ತಾಪ 38-40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಆ ಅಂಕಿಗಳನ್ನು ಹಾಗೆಯೇ ನಂಬಿ ಬಂಡವಾಳ ಹಾಕಿದರೆ ಲೆಕ್ಕ ತಪ್ಪುತ್ತದೆ. ಹಣ ಹೂಡುವ ಮೊದಲು ಮಾಲೀಕನು ಯಾವ ಪ್ರಶ್ನೆಗಳನ್ನು ಕೇಳಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

1. ರಂಜಕವು ಎಲ್ಲಿಂದ ಬರುತ್ತದೆ, ಏಕೆ ಬಾಧಕ

ಶೇಂಗಾ ಬೀಜವನ್ನು ಎಕ್ಸ್‌ಪೆಲ್ಲರಿಗೆ ಹಾಕಿ ಎಣ್ಣೆ ಮತ್ತು ಹಿಂಡಿ ತೆಗೆಯುವ ಮಿಲ್ಲಿನಿಂದ ಹೊರಬೀಳುವ ನೀರು ಅತ್ಯಲ್ಪ. ಪ್ರಶ್ನೆ ಏಳುವುದು ಎಣ್ಣೆಯನ್ನು ರಿಫೈನ್ ಮಾಡುವ ಘಟಕದಲ್ಲಿ. ಕಚ್ಚಾ ಎಣ್ಣೆಯಲ್ಲಿ ಅಂಟಿನ ರೂಪದಲ್ಲಿರುವ ಪದಾರ್ಥಗಳಲ್ಲಿಯೇ ರಂಜಕವಿದೆ. ಅದರ ಮೇಲೆ ಆ ಅಂಟನ್ನು ಬೇರ್ಪಡಿಸಲು ಫಾಸ್ಫಾರಿಕ್ ಆಮ್ಲವನ್ನು ಬಳಸುವ ರೂಢಿಯಿದೆ. ದಿನಕ್ಕೆ 20 ಟನ್ ಎಣ್ಣೆಗೆ ಸಾವಿರಕ್ಕೆ ಒಂದರಂತೆ ಆಮ್ಲ ಹಾಕಿದರೆ 20 ಕಿಲೋ ಆಯಿತು. ಶೇ 85ರ ಸಾಂದ್ರತೆಯ ಆಮ್ಲದಲ್ಲಿ ರಂಜಕದ ಪಾಲು ಸುಮಾರು ಶೇ 27. ಅಂದರೆ ದಿನವೊಂದಕ್ಕೆ 5 ಕಿಲೋಗೂ ಮಿಗಿಲಾದ ರಂಜಕವನ್ನು ನಾವೇ ಹಣ ಕೊಟ್ಟು ತಂದು ಸುರಿದಂತಾಯಿತು. ಅದರಲ್ಲಿ ಒಂದು ಭಾಗ ಅಂಟು ಮತ್ತು ಸೋಪ್ ಸ್ಟಾಕಿನೊಡನೆ ಹೋದರೂ ಉಳಿದದ್ದು ತೊಳೆದ ನೀರಿನಲ್ಲಿ ಸೇರುತ್ತದೆ.

ಇದಲ್ಲದೆ ಬಾಯ್ಲರ್ ನೀರಿಗೆ ಹಾಕುವ ಟ್ರೈಸೋಡಿಯಂ ಫಾಸ್ಫೇಟ್, ಲೋಹಕ್ಕೆ ಬಣ್ಣ ಬಳಿಯುವ ಮೊದಲು ಮಾಡುವ ಫಾಸ್ಫೇಟ್ ಲೇಪನ, ಕೆಲವು ಬಗೆಯ ಮಾರ್ಜಕಗಳು, ಕಾರ್ಮಿಕರ ಶೌಚಾಲಯ ಇವೂ ಮೂಲಗಳೇ. ಮನೆಬಳಕೆಯ ಚರಂಡಿ ನೀರಿನಲ್ಲಿಯೇ ಲೀಟರಿಗೆ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ ರಂಜಕವಿರುತ್ತದೆ.

ರಂಜಕವು ವಿಷವಲ್ಲ, ಗೊಬ್ಬರ. ತೊಂದರೆ ಇರುವುದೂ ಅಲ್ಲಿಯೇ. ನಿಂತ ನೀರಿಗೆ ಸೇರಿದ ಒಂದು ಕಿಲೋ ರಂಜಕವು ನೂರು ಕಿಲೋಗೂ ಹೆಚ್ಚು ಒಣತೂಕದ ಪಾಚಿಯನ್ನು ಬೆಳೆಸಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಕಬಳಿಸುತ್ತದೆ. ಮೀನು ಸಾಯುತ್ತವೆ, ನೀರು ನಾರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನೂ 2015, 2017 ಮತ್ತು 2018ರಲ್ಲಿ ಅಲ್ಲಿ ಕಾಣಿಸಿಕೊಂಡ ಬೆಂಕಿಯನ್ನೂ ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. 2018ರಲ್ಲಿ ಬೆಂಗಳೂರಿನ ಶುದ್ಧೀಕೃತ ನೀರು ಕೋಲಾರದ ಕೆರೆಗಳಿಗೆ ಹರಿಯಲಾರಂಭಿಸಿದಾಗ ಅಲ್ಲಿಯೂ ನೊರೆ ಕಾಣಿಸಿಕೊಂಡು ವಿಷಯವು ಹೈಕೋರ್ಟಿನ ಮೆಟ್ಟಿಲೇರಿತು. ನೊರೆಗೆ ಕಾರಣಗಳು ಹಲವು. ಆದರೆ ಅರ್ಧಂಬರ್ಧ ಶುದ್ಧವಾದ ನೀರು ಕೆರೆ ಸೇರಿದರೆ ಏನಾಗುತ್ತದೆಂಬುದಕ್ಕೆ ಇವು ನಿದರ್ಶನಗಳು.

ನಮ್ಮ ಸೀಮೆಯಲ್ಲಿ ಮಳೆಯೇ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ವೇದಾವತಿಯಾಗಲಿ ಚಿನ್ನಹಗರಿಯಾಗಲಿ ವರ್ಷದ ಬಹುಭಾಗ ಮರಳಾಗಿರುವ ನದಿಗಳು. ನಾವು ಬಿಟ್ಟ ನೀರನ್ನು ತೆಳುಗೊಳಿಸಲು ಬೇರೆ ನೀರೇ ಇರುವುದಿಲ್ಲ. ತುಂಬಿ ಹರಿಯುವ ನದಿಯ ದಂಡೆಯಲ್ಲಿರುವ ಕಾರ್ಖಾನೆಗೆ ದೊರೆಯುವ ರಿಯಾಯಿತಿಯನ್ನು ಪ್ರಕೃತಿಯು ನಮಗೆ ಕೊಟ್ಟಿಲ್ಲ.

2. ಬೆಂಗಳೂರಿನಿಂದ ಹೊರಟ ವಿಚಾರ

ಜೀವಾಣುಗಳಿಂದ ರಂಜಕವನ್ನು ತೆಗೆಯಬಹುದೆಂಬ ವಿಚಾರದ ಮೂಲ ನಮ್ಮ ನಾಡಿನಲ್ಲಿಯೇ ಇದೆ ಎಂಬುದು ಅನೇಕರಿಗೆ ತಿಳಿಯದು. ಚರಂಡಿ ನೀರಿಗೆ ಗಾಳಿ ಹಾಯಿಸಿ ಕೆಸರಿನ ಜೀವಾಣುಗಳಿಂದ ಶುದ್ಧಗೊಳಿಸುವ ‘ಸಕ್ರಿಯ ಕೆಸರು’ ವಿಧಾನವು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ಆ ಸಂಶೋಧನೆಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಅಲ್ಲಿ ಚರಂಡಿ ನೀರಿನ ಜೀವಶಾಸ್ತ್ರದ ಅಧ್ಯಯನ ಬೇರೂರಿತು.

ಅದೇ ಸಂಸ್ಥೆಯ ಇ.ಜಿ. ಶ್ರೀನಾಥ್, ಸಿ.ಎ. ಶಾಸ್ತ್ರಿ ಮತ್ತು ಎಸ್.ಸಿ. ಪಿಳ್ಳೈ ಅವರು 1959ರಲ್ಲಿ ಒಂದು ಕಿರುಲೇಖನ ಪ್ರಕಟಿಸಿದರು. ಗಾಳಿ ಹಾಯಿಸಿದಾಗ ಸಕ್ರಿಯ ಕೆಸರು ತನ್ನ ಬೆಳವಣಿಗೆಗೆ ಬೇಕಾದುದಕ್ಕಿಂತ ಹೆಚ್ಚಿನ ರಂಜಕವನ್ನು ನೀರಿನಿಂದ ಶೀಘ್ರವಾಗಿ ಹೀರಿಕೊಳ್ಳಬಲ್ಲದು ಎಂಬುದೇ ಅದರ ಸಾರ. ಈ ವಿಷಯದ ಇತಿಹಾಸ ಬರೆಯುವವರು ಇಂದಿಗೂ ಮೊದಲ ವರದಿಯೆಂದು ಇದನ್ನೇ ಉಲ್ಲೇಖಿಸುತ್ತಾರೆ. 1965ರಲ್ಲಿ ಅಮೆರಿಕದ ಲೆವಿನ್ ಮತ್ತು ಶಪಿರೊ ಇದನ್ನು ಮುಂದುವರಿಸಿದರು. 1970ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೇಮ್ಸ್ ಬರ್ನಾರ್ಡ್ ಅವರು, ಕೆಸರನ್ನು ಮೊದಲು ಗಾಳಿಯಿಲ್ಲದ ತೊಟ್ಟಿಯಲ್ಲಿ ಇರಿಸಿ ಬಳಿಕ ಗಾಳಿಯ ತೊಟ್ಟಿಗೆ ಬಿಡಬೇಕೆಂಬ ಗುಟ್ಟನ್ನು ಕಂಡುಕೊಂಡು ಕಾರ್ಖಾನೆಯ ಮಟ್ಟದ ವಿನ್ಯಾಸವನ್ನು ರೂಪಿಸಿದರು.

ಈ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣವು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು. ಹಿಮವನ್ನೇ ಕಾಣದ ಊರಿನಲ್ಲಿ ಮೊದಲು ಗಮನಕ್ಕೆ ಬಂದ ಕ್ರಿಯೆಯು ಬಿಸಿ ಪ್ರದೇಶಕ್ಕೆ ಒಗ್ಗುವುದೇ ಇಲ್ಲವೆಂದು ಹೇಳುವುದು ಸರಿಯಲ್ಲ. ಆದರೆ ಷರತ್ತುಗಳಿವೆ. ಅವನ್ನು ತಿಳಿಯಲು ಜೀವಾಣುಗಳ ವಹಿವಾಟನ್ನು ಸ್ವಲ್ಪ ಅರಿಯಬೇಕು.

3. ಜೀವಾಣುಗಳ ವಹಿವಾಟು

ರಂಜಕವನ್ನು ಕೂಡಿಡುವ ಜೀವಾಣುವನ್ನು ಒಬ್ಬ ಜಾಣ ವರ್ತಕನಿಗೆ ಹೋಲಿಸಬಹುದು. ಗಾಳಿಯಿಲ್ಲದ ತೊಟ್ಟಿಯಲ್ಲಿ ಅದಕ್ಕೆ ಆಹಾರವು ಹೇರಳ; ಚರಂಡಿ ನೀರು ಹುಳಿತಾಗ ಹುಟ್ಟುವ ಅಸಿಟಿಕ್, ಪ್ರೊಪಿಯೋನಿಕ್ ಮೊದಲಾದ ಹಗುರ ಆಮ್ಲಗಳೇ ಆ ಆಹಾರ. ಆದರೆ ಅಲ್ಲಿ ಆಮ್ಲಜನಕವಿಲ್ಲದ ಕಾರಣ ಅದನ್ನು ಉಂಡು ಅರಗಿಸಿಕೊಳ್ಳಲಾಗದು. ಆದುದರಿಂದ ಈ ಜೀವಾಣು ತನ್ನಲ್ಲಿ ಕೂಡಿಟ್ಟಿರುವ ರಂಜಕದ ಸರಪಳಿಯನ್ನು ಮುರಿದು, ಅದರಿಂದ ಬಂದ ಶಕ್ತಿಯಿಂದ ಆಹಾರವನ್ನು ಒಳಗೆ ಎಳೆದುಕೊಂಡು ದಾಸ್ತಾನು ಮಾಡುತ್ತದೆ. ಈ ಹಂತದಲ್ಲಿ ನೀರಿನ ರಂಜಕವು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ.

ಮುಂದೆ ಗಾಳಿಯ ತೊಟ್ಟಿಗೆ ಬಂದಾಗ ಹೊರಗೆ ಆಹಾರವಿಲ್ಲ, ಆಮ್ಲಜನಕವಿದೆ. ಜೀವಾಣು ತನ್ನ ದಾಸ್ತಾನನ್ನು ಬಳಸಿ ಶಕ್ತಿ ಗಳಿಸುತ್ತದೆ. ಬಿಟ್ಟಿದ್ದ ರಂಜಕವನ್ನೂ ಅದಕ್ಕಿಂತ ಹೆಚ್ಚನ್ನೂ ಮತ್ತೆ ಒಳಗೆ ತುಂಬಿಕೊಳ್ಳುತ್ತದೆ. ಹೀಗೆ ಕೊಬ್ಬಿದ ಕೆಸರನ್ನು ಹೊರತೆಗೆದರೆ ರಂಜಕವು ಹೊರಹೋದಂತೆ. ಸಾಮಾನ್ಯ ಕೆಸರಿನ ಒಣತೂಕದಲ್ಲಿ ರಂಜಕವು ಶೇ 1.5ರಿಂದ 2ರಷ್ಟಿದ್ದರೆ, ಈ ವಿಧಾನದ ಕೆಸರಿನಲ್ಲಿ ಶೇ 5ರಿಂದ 7ರವರೆಗೂ ಇರಬಲ್ಲದು.

ಲೆಕ್ಕಪತ್ರದ ದೃಷ್ಟಿಯಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಗಾಲವು ಅನಿಲವಾಗಿ ಗಾಳಿಗೆ ಹೋಗುತ್ತದೆ, ಸಾರಜನಕವನ್ನೂ ಅನಿಲವಾಗಿಸಿ ಕಳಿಸಬಹುದು. ರಂಜಕಕ್ಕೆ ಆ ದಾರಿಯಿಲ್ಲ. ಒಳಗೆ ಬಂದ ರಂಜಕವು ನೀರಿನಲ್ಲಿ ಹೋಗಬೇಕು, ಇಲ್ಲವೇ ಕೆಸರಿನಲ್ಲಿ ಹೋಗಬೇಕು. ಜಮಾ-ಖರ್ಚು ಎರಡೂ ಕಡೆ ಸರಿಹೊಂದಲೇಬೇಕು. ಆದುದರಿಂದ ‘ನಮ್ಮ ಘಟಕದಲ್ಲಿ ಕೆಸರೇ ಬರುವುದಿಲ್ಲ’ ಎಂದು ಮಾರಾಟಗಾರನು ಹೇಳಿದರೆ, ‘ಹಾಗಾದರೆ ರಂಜಕ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳುವ ಹಕ್ಕು ನಮಗಿದೆ.

4. ಉಷ್ಣತೆಯು ಏನು ಮಾಡುತ್ತದೆ

(ಅ) ಪ್ರತಿಸ್ಪರ್ಧಿಗಳು ಬಲಗೊಳ್ಳುತ್ತಾರೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಅದೇ ಆಹಾರಕ್ಕೆ ಕಾದಿರುವ ಇನ್ನೊಂದು ಗುಂಪಿನ ಜೀವಾಣುಗಳಿವೆ. ಇವು ರಂಜಕದ ಬದಲು ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹದಿಂದ ಶಕ್ತಿ ಪಡೆದು ಆಹಾರವನ್ನು ಎಳೆದುಕೊಳ್ಳುತ್ತವೆ. ಸರಕನ್ನು ಕೊಳ್ಳುತ್ತವೆ, ಆದರೆ ನಮಗೆ ಬೇಕಾದ ಕೆಲಸವನ್ನು ಮಾಡುವುದಿಲ್ಲ. ಪ್ರಯೋಗಾಲಯದ ಅಧ್ಯಯನಗಳ ಪ್ರಕಾರ 10 ಡಿಗ್ರಿಯಲ್ಲಿ ರಂಜಕ ಸಂಗ್ರಾಹಕಗಳದೇ ಮೇಲುಗೈ. 20 ಡಿಗ್ರಿಯಲ್ಲಿ ಆಹಾರದ ಬಗೆ ಮತ್ತು ನೀರಿನ ಹುಳಿ-ಕ್ಷಾರದ ಮಟ್ಟವು ಗೆಲುವನ್ನು ನಿರ್ಧರಿಸುತ್ತದೆ. 30 ಡಿಗ್ರಿಯಲ್ಲಿ ಪ್ರತಿಸ್ಪರ್ಧಿಗಳಿಗೆ ಅನುಕೂಲ. 35ನ್ನು ಸಮೀಪಿಸಿದಾಗ ರಂಜಕ ನಿವಾರಣೆಯೇ ಕುಸಿದ ಪ್ರಯೋಗಗಳೂ ಉಂಟು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಸಿಂಗಪುರದ ಚರಂಡಿ ನೀರು ವರ್ಷವಿಡೀ 28ರಿಂದ 32 ಡಿಗ್ರಿಯ ನಡುವೆ ಇರುತ್ತದೆ. ಅಲ್ಲಿನ ದೊಡ್ಡ ಘಟಕಗಳಲ್ಲಿ ಜೈವಿಕ ರಂಜಕ ನಿವಾರಣೆಯು ಯಶಸ್ವಿಯಾಗಿ ನಡೆದಿರುವುದು ದಾಖಲಾಗಿದೆ. ಕೆಸರನ್ನು ಬಹಳ ದಿನ ಇಟ್ಟುಕೊಳ್ಳದೆ ಕೆಲವೇ ದಿನಗಳಲ್ಲಿ ಹೊರತೆಗೆಯುವ ಕ್ರಮವು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ. ಆದುದರಿಂದ ಬಿಸಿಯು ಅಡ್ಡಿಯೇ ಹೊರತು ನಿಷೇಧವಲ್ಲ.

(ಆ) ನೈಟ್ರೇಟ್ ಹುಟ್ಟುತ್ತದೆ. ಬಿಸಿ ನೀರಿನಲ್ಲಿ ಅಮೋನಿಯವನ್ನು ನೈಟ್ರೇಟಾಗಿಸುವ ಜೀವಾಣುಗಳು ಬೇಗ ಬೆಳೆಯುತ್ತವೆ. ಆ ನೈಟ್ರೇಟು ಮರಳಿ ಬರುವ ಕೆಸರಿನೊಡನೆ ಗಾಳಿಯಿಲ್ಲದ ತೊಟ್ಟಿಗೆ ಸೇರಿದರೆ, ಬೇರೆ ಜೀವಾಣುಗಳು ಅದರಲ್ಲಿನ ಆಮ್ಲಜನಕವನ್ನು ಬಳಸಿ ಹಗುರ ಆಮ್ಲಗಳನ್ನು ತಿಂದುಬಿಡುತ್ತವೆ. ರಂಜಕ ಸಂಗ್ರಾಹಕಗಳಿಗೆ ಆಹಾರವೇ ಉಳಿಯುವುದಿಲ್ಲ. ರೇಷ್ಮೆಯ ಅಂಟನ್ನು ಬೇಯಿಸಿ ತೆಗೆಯುವ ಘಟಕಗಳ ನೀರಿನಲ್ಲಿ ಪ್ರೋಟೀನು, ಅಂದರೆ ಸಾರಜನಕ, ಹೆಚ್ಚಿರುವುದರಿಂದ ಮೊಳಕಾಲ್ಮೂರಿನ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು.

(ಇ) ಕೆಸರು ಕರಗುತ್ತದೆ. ಉಷ್ಣತೆ ಏರಿದಂತೆ ಜೀವಾಣುಗಳು ತಮ್ಮ ಮೈಯನ್ನೇ ಕರಗಿಸಿಕೊಂಡು ಬದುಕುವ ವೇಗವೂ ಏರುತ್ತದೆ. ಕೆಸರಿನ ಉತ್ಪತ್ತಿ ತಗ್ಗುತ್ತದೆ. ಕೆಸರು ಕಡಿಮೆಯಾದರೆ ಅದರೊಡನೆ ಹೊರಹೋಗುವ ರಂಜಕವೂ ಕಡಿಮೆ.

(ಈ) ನೀರಿನಲ್ಲಿ ಆಮ್ಲಜನಕದ ಮೀಸಲು ಕಿರಿದಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. 30 ಡಿಗ್ರಿಯಲ್ಲಿ ಅದು 7.6ಕ್ಕೂ, 35ರಲ್ಲಿ ಸುಮಾರು 7ಕ್ಕೂ ಇಳಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವ ವೇಗ ಹೆಚ್ಚಾದ್ದರಿಂದ ಬ್ಲೋವರಿನ ಸಾಮರ್ಥ್ಯ ಬಹುಮಟ್ಟಿಗೆ ಸರಿದೂಗುವುದು ನಿಜ. ಆದರೆ ಜೀವಾಣುಗಳ ಬೇಡಿಕೆಯೂ ಹೆಚ್ಚುವುದರಿಂದ ವಿದ್ಯುತ್ ಬಿಲ್ಲು ಏರುತ್ತದೆ. ಇನ್ನು ಬೇಸಿಗೆಯಲ್ಲಿ ಕರೆಂಟು ಹೋಯಿತೆಂದರೆ ಇದ್ದ ಆಮ್ಲಜನಕವು ಬಹುಬೇಗ ಮುಗಿಯುತ್ತದೆ. ತಿಳಿಗೊಳಿಸುವ ತೊಟ್ಟಿಯ ತಳದಲ್ಲಿ ಕುಳಿತ ಕೆಸರು ತಾನು ಹೀರಿದ್ದ ರಂಜಕವನ್ನು ಮತ್ತೆ ನೀರಿಗೇ ಬಿಡುತ್ತದೆ. ದಿನವಿಡೀ ಮಾಡಿದ ಕೆಲಸವು ಕೆಲವು ಗಂಟೆಗಳಲ್ಲಿ ವ್ಯರ್ಥವಾಗಬಹುದು.

(ಉ) ಲಾಭವೂ ಇದೆ. ಬಿಸಿಯಲ್ಲಿ ತ್ಯಾಜ್ಯವು ಬೇಗ ಹುಳಿಯುವುದರಿಂದ ಹಗುರ ಆಮ್ಲಗಳು ಧಾರಾಳವಾಗಿ ಹುಟ್ಟುತ್ತವೆ. ಚಳಿ ದೇಶಗಳಲ್ಲಿ ಇದಕ್ಕಾಗಿಯೇ ಪ್ರತ್ಯೇಕ ತೊಟ್ಟಿ ಕಟ್ಟುವುದುಂಟು. ಜೀವಾಣುಗಳು ಚುರುಕಾಗಿರುವುದರಿಂದ ಚಿಕ್ಕ ತೊಟ್ಟಿಯೇ ಸಾಕಾಗುತ್ತದೆ. ಹೊರತೆಗೆದ ಕೆಸರನ್ನು ನಮ್ಮ ಬಿಸಿಲಿನಲ್ಲಿ ಒಣಗಿಸಲು ಯಂತ್ರ ಬೇಕಿಲ್ಲ, ಮರಳಿನ ಹಾಸು ಸಾಕು.

5. ಒಂದು ಲೆಕ್ಕ

ಇಷ್ಟನ್ನು ಅಂಕಿಗಳಲ್ಲಿ ನೋಡೋಣ. ಇದು ವಿವರಣೆಗಾಗಿ ಮಾಡಿಕೊಂಡ ಲೆಕ್ಕವೇ ಹೊರತು ಯಾವುದೇ ಘಟಕದ್ದಲ್ಲ. ದಿನಕ್ಕೆ 50,000 ಲೀಟರ್ ತ್ಯಾಜ್ಯನೀರು, ಬಿಓಡಿ ಲೀಟರಿಗೆ 600 ಮಿಲಿಗ್ರಾಂ, ರಂಜಕ 20 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಅಂದರೆ ದಿನಕ್ಕೆ ಬಿಓಡಿ 30 ಕಿಲೋ, ರಂಜಕ 1 ಕಿಲೋ. ಹೊರಬಿಡಬಹುದಾದ ರಂಜಕವು ಲೀಟರಿಗೆ 5 ಮಿಲಿಗ್ರಾಂನಂತೆ 0.25 ಕಿಲೋ. ಕೆಸರಿನಲ್ಲಿ ಹೋಗದೆ ಉಳಿದ ಹೆಚ್ಚುವರಿ ರಂಜಕವನ್ನು ಆಲಂನಿಂದ ಇಳಿಸಬೇಕು. ಒಂದು ಕಿಲೋ ರಂಜಕಕ್ಕೆ ಸಿದ್ಧಾಂತದಂತೆ 9.6 ಕಿಲೋ ಆಲಂ ಬೇಕು. ಬಳಕೆಯಲ್ಲಿ ಅದರ ಎರಡರಷ್ಟು ಹಿಡಿಯೋಣ.

ಮೊದಲನೆಯ ಸ್ಥಿತಿ: ಕೆಸರನ್ನು 20-30 ದಿನ ಉಳಿಸಿಕೊಳ್ಳುವ, ‘ಕಡಿಮೆ ಕೆಸರಿನ’ ಘಟಕ. ಒಣಕೆಸರು 6 ಕಿಲೋ, ಅದರಲ್ಲಿ ರಂಜಕ ಶೇ 2. ಹೊರಹೋದದ್ದು 0.12 ಕಿಲೋ. ಆಲಂನಿಂದ ತೆಗೆಯಬೇಕಾದದ್ದು 0.63 ಕಿಲೋ. ಆಲಂ ದಿನಕ್ಕೆ ಸುಮಾರು 12.1 ಕಿಲೋ.

ಎರಡನೆಯ ಸ್ಥಿತಿ: ಸಾಮಾನ್ಯ ಸಕ್ರಿಯ ಕೆಸರು. ಒಣಕೆಸರು 12 ಕಿಲೋ, ರಂಜಕ ಶೇ 2. ಹೊರಹೋದದ್ದು 0.24 ಕಿಲೋ. ಆಲಂನಿಂದ ತೆಗೆಯಬೇಕಾದದ್ದು 0.51 ಕಿಲೋ. ಆಲಂ ಸುಮಾರು 9.8 ಕಿಲೋ.

ಮೂರನೆಯ ಸ್ಥಿತಿ: ಗಾಳಿಯಿಲ್ಲದ ತೊಟ್ಟಿಯನ್ನು ಮುಂದಿಟ್ಟ ಜೈವಿಕ ರಂಜಕ ನಿವಾರಣೆ, ಹಿತವಾದ ಉಷ್ಣತೆಯಲ್ಲಿ. ಒಣಕೆಸರು 12 ಕಿಲೋ, ರಂಜಕ ಶೇ 5. ಹೊರಹೋದದ್ದು 0.60 ಕಿಲೋ. ಆಲಂನಿಂದ ತೆಗೆಯಬೇಕಾದದ್ದು 0.15 ಕಿಲೋ. ಆಲಂ ಸುಮಾರು 2.9 ಕಿಲೋ.

ನಾಲ್ಕನೆಯ ಸ್ಥಿತಿ: ಅದೇ ಘಟಕ, ಕಡುಬೇಸಿಗೆಯಲ್ಲಿ. ಒಣಕೆಸರು 10 ಕಿಲೋಗೆ ಇಳಿದು, ಪ್ರತಿಸ್ಪರ್ಧಿಗಳ ಹಾವಳಿಯಿಂದ ರಂಜಕವು ಶೇ 3ಕ್ಕೆ ಇಳಿಯಿತೆಂದುಕೊಳ್ಳೋಣ. ಹೊರಹೋದದ್ದು 0.30 ಕಿಲೋ. ಆಲಂನಿಂದ ತೆಗೆಯಬೇಕಾದದ್ದು 0.45 ಕಿಲೋ. ಆಲಂ ಸುಮಾರು 8.6 ಕಿಲೋ.

ವರ್ಷದಲ್ಲಿ 300 ದಿನ ಕೆಲಸವೆಂದರೆ ಮೊದಲನೆಯ ಸ್ಥಿತಿಯಲ್ಲಿ 3,600 ಕಿಲೋಗೂ ಹೆಚ್ಚು ಆಲಂ ಬೇಕು. ಜೈವಿಕ ನಿವಾರಣೆಯಲ್ಲಿ 200 ದಿನ ಹಿತಕರ, 100 ದಿನ ಕಡುಬೇಸಿಗೆ ಎಂದು ಹಿಡಿದರೂ 1,440 ಕಿಲೋ. ಆಲಂನಿಂದ ಹುಟ್ಟುವ ಗಸಿಯೂ ಗಣನೀಯ. ಈ ಪ್ರಮಾಣದಲ್ಲಿ ಹಾಕಿದಾಗ ಪ್ರತಿ ಕಿಲೋ ರಂಜಕಕ್ಕೆ ಸುಮಾರು 6.4 ಕಿಲೋ ಒಣಗಸಿ ಬರುತ್ತದೆ. ದರವನ್ನು ಸದಸ್ಯರು ತಮ್ಮ ತಮ್ಮ ಖರೀದಿ ಬಿಲ್ಲಿನಿಂದ ತೆಗೆದು ಗುಣಿಸಿಕೊಳ್ಳಬಹುದು.

ಈ ಲೆಕ್ಕದಿಂದ ಎರಡು ನೀತಿಗಳು ಹೊರಡುತ್ತವೆ. ಬೇಸಿಗೆಯಲ್ಲಿ ಜೈವಿಕ ವಿಧಾನವು ಸೊರಗಿದರೂ ವರ್ಷದ ಒಟ್ಟು ಲೆಕ್ಕದಲ್ಲಿ ಅದೇ ಅಗ್ಗ. ಆದರೆ ಆಲಂ ಹಾಕುವ ಪಂಪು ಮತ್ತು ದಾಸ್ತಾನನ್ನು ಕೈಬಿಡುವಂತಿಲ್ಲ. ಮೂರನೆಯ ಸ್ಥಿತಿಯ ಅಂಕಿಯನ್ನು ಮಾತ್ರ ತೋರಿಸಿ ‘ರಾಸಾಯನಿಕವೇ ಬೇಡ’ ಎನ್ನುವ ಪ್ರಸ್ತಾವವನ್ನು ನಂಬಿದವನು ಮೇ ತಿಂಗಳಲ್ಲಿ ಮಿತಿಯನ್ನು ಮೀರುತ್ತಾನೆ: ನಾಲ್ಕನೆಯ ಸ್ಥಿತಿಯಲ್ಲಿ ಆಲಂ ಇಲ್ಲದಿದ್ದರೆ ಹೊರಹೋಗುವ ನೀರಿನಲ್ಲಿ ರಂಜಕ ಲೀಟರಿಗೆ 14 ಮಿಲಿಗ್ರಾಂ!

6. ಮಿತಿ ಮೀರಿದರೆ ತೆರಬೇಕಾದ ಬೆಲೆ

ಮಾಲಿನ್ಯ ಮಾಡಿದವನೇ ಭರಿಸಬೇಕೆಂಬ ತತ್ತ್ವದಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2019ರಲ್ಲಿ ಪರಿಸರ ಪರಿಹಾರದ ಒಂದು ಸೂತ್ರವನ್ನು ರೂಪಿಸಿತು. ಉದ್ದಿಮೆಯ ವರ್ಗದ ಅಂಕ (ಕೆಂಪಿಗೆ 80, ಕಿತ್ತಳೆಗೆ 50, ಹಸಿರಿಗೆ 30), ಉಲ್ಲಂಘನೆಯ ದಿನಗಳು, 250 ರೂಪಾಯಿಯ ದರ, ಉದ್ದಿಮೆಯ ಗಾತ್ರ (ಸಣ್ಣದಕ್ಕೆ 0.5) ಮತ್ತು ಊರಿನ ಜನಸಂಖ್ಯೆಯ ಗುಣಕ ಇವುಗಳನ್ನು ಪರಸ್ಪರ ಗುಣಿಸಬೇಕು. ಕಿತ್ತಳೆ ವರ್ಗದ ಸಣ್ಣ ಘಟಕವೊಂದು ನಮ್ಮಂಥ ಊರಿನಲ್ಲಿ ಇದ್ದರೆ ದಿನಕ್ಕೆ 6,250 ರೂಪಾಯಿ. ಮೂವತ್ತು ದಿನಕ್ಕೆ 1,87,500 ರೂಪಾಯಿ. ಒಂದು ತಿಂಗಳ ಈ ಮೊತ್ತವನ್ನು ಇಡೀ ವರ್ಷದ ಆಲಂ ಖರ್ಚಿನೊಡನೆ ಹೋಲಿಸಿ ನೋಡಿದರೆ ಬೇರೆ ವಿವರಣೆ ಬೇಕಾಗದು.

ತೆರಿಗೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ನೀರು ಶುದ್ಧೀಕರಣಕ್ಕೆ ಮಾಡಿದ ಖರ್ಚು ವ್ಯವಹಾರದ ವೆಚ್ಚವಾಗಿ ಕಳೆಯಲ್ಪಡುತ್ತದೆ. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವು ಹಾಗೆ ಕಳೆಯಲು ಬರುವುದಿಲ್ಲ. ಅದು ಪೂರ್ತಿಯಾಗಿ ಜೇಬಿನಿಂದಲೇ ಹೋಗುತ್ತದೆ. ಜಲಮಾಲಿನ್ಯ ನಿಯಂತ್ರಣದ ನಿರ್ದಿಷ್ಟ ಉಪಕರಣಗಳಿಗೆ ಹಿಂದೆ ಶೇ 100ರ ಸವಕಳಿ ದೊರೆಯುತ್ತಿತ್ತು. 2017-18ನೇ ಹಣಕಾಸು ವರ್ಷದಿಂದ ಅದನ್ನು ಶೇ 40ಕ್ಕೆ ಇಳಿಸಲಾಯಿತು. ಹಾಗಿದ್ದರೂ ಅದು ಸಾಮಾನ್ಯ ಯಂತ್ರೋಪಕರಣಗಳ ದರಕ್ಕಿಂತ ಹೆಚ್ಚಿನದೇ. ಬಿಲ್ಲಿನಲ್ಲಿ ಉಪಕರಣದ ಹೆಸರನ್ನು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಒಳ್ಳೆಯದು.

7. ಸದಸ್ಯರಿಗೆ ಕೆಲವು ಸೂಚನೆಗಳು

(1) ಮೊದಲು ಮೂಲದಲ್ಲಿಯೇ ತಗ್ಗಿಸಿರಿ. ಎಣ್ಣೆಯ ಅಂಟು ತೆಗೆಯಲು ಫಾಸ್ಫಾರಿಕ್ ಆಮ್ಲದ ಬದಲು ಸಿಟ್ರಿಕ್ ಆಮ್ಲವನ್ನು ಬಳಸಬಹುದೇ, ಬಾಯ್ಲರಿಗೆ ಹಾಕುವ ಫಾಸ್ಫೇಟಿನ ಪ್ರಮಾಣ ಅಗತ್ಯಕ್ಕಿಂತ ಹೆಚ್ಚಿದೆಯೇ ಎಂದು ತಂತ್ರಜ್ಞರಿಂದ ಪರಿಶೀಲಿಸಿರಿ. ಕೊಳ್ಳದ ರಂಜಕವನ್ನು ತೆಗೆಯುವ ಖರ್ಚಿಲ್ಲ.

(2) ನೀರನ್ನು ತಣಿಸಿರಿ. ರಿಫೈನರಿಯ ಬಿಸಿನೀರನ್ನು ನೇರವಾಗಿ ಜೈವಿಕ ತೊಟ್ಟಿಗೆ ಬಿಡಬೇಡಿರಿ. ಒಂದು ದಿನದ ನೀರು ಹಿಡಿಯುವ, ಅಗಲವಾದ, ನೆರಳಿರುವ ಸಮೀಕರಣ ತೊಟ್ಟಿಯಲ್ಲಿ ನಿಲ್ಲಿಸಿದರೆ ಉಷ್ಣತೆಯೂ ಇಳಿಯುತ್ತದೆ, ಹುಳಿಯೂ ಆಗುತ್ತದೆ. ಹೊರಬಿಡುವ ನೀರಿನ ಉಷ್ಣತೆಯು ಅದು ಸೇರುವ ನೀರಿಗಿಂತ 5 ಡಿಗ್ರಿಗೂ ಹೆಚ್ಚಿರಬಾರದೆಂಬ ನಿಯಮವೂ ಇದೆ.

(3) ಉಷ್ಣಮಾಪಕವನ್ನು ಇಡಿರಿ. ತೊಟ್ಟಿಯ ನೀರಿನ ಉಷ್ಣತೆಯನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು ಪುಸ್ತಕದಲ್ಲಿ ಬರೆಯಿಸಿರಿ. ಗಾಳಿಯ ಉಷ್ಣತೆಯಲ್ಲ, ನೀರಿನದು. ವರ್ಷದ ಈ ದಾಖಲೆಯು ವಿನ್ಯಾಸಕಾರನಿಗೆ ಕೊಡಬಹುದಾದ ಅತ್ಯಮೂಲ್ಯ ಮಾಹಿತಿ.

(4) ಕೆಸರನ್ನು ಬೇಸಿಗೆಯಲ್ಲಿ ಬೇಗ ತೆಗೆಯಿರಿ. ಬಿಸಿ ನೀರಿನಲ್ಲಿ ಕೆಸರಿನ ವಾಸವನ್ನು ಕೆಲವೇ ದಿನಗಳಿಗೆ ತಗ್ಗಿಸಿದರೆ ನೈಟ್ರೇಟಿನ ಹಾಗೂ ಪ್ರತಿಸ್ಪರ್ಧಿಗಳ ಹಾವಳಿ ಕಡಿಮೆಯಾಗುತ್ತದೆ. ಆದರೆ ಅಮೋನಿಯ ಅಥವಾ ಒಟ್ಟು ಸಾರಜನಕದ ಬಿಗಿ ಮಿತಿ ಇರುವವರು ತಜ್ಞರ ಸಲಹೆಯಿಲ್ಲದೆ ಹೀಗೆ ಮಾಡಬಾರದು. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಮೀರಿದಂತಾಗುತ್ತದೆ.

(5) ತಿಳಿಗೊಳಿಸುವ ತೊಟ್ಟಿಯಲ್ಲಿ ಕೆಸರು ಕೊಳೆಯಲು ಬಿಡಬೇಡಿರಿ. ಕರೆಂಟು ಹೋದಾಗ ಕನಿಷ್ಠ ಕೆಸರಿನ ಪಂಪು ಮತ್ತು ಒಂದು ಬ್ಲೋವರಾದರೂ ಜನರೇಟರಿನ ಮೇಲೆ ನಡೆಯುವಂತಿರಲಿ.

(6) ಆಹಾರದ ಪ್ರಮಾಣವನ್ನು ನೋಡಿರಿ. ಒಂದು ಪಾಲು ರಂಜಕಕ್ಕೆ ಕನಿಷ್ಠ 20 ಪಾಲು ಬಿಓಡಿ ಇಲ್ಲದಿದ್ದರೆ ಜೈವಿಕ ವಿಧಾನವು ನಿಲ್ಲಲಾರದು. ಅಂಥವರಿಗೆ ನೇರವಾಗಿ ರಾಸಾಯನಿಕ ಮಾರ್ಗವೇ ಲೇಸು.

(7) ಕೆಸರನ್ನು ಹೊಲಕ್ಕೆ ಕೊಡುವ ಮೊದಲು ಪರೀಕ್ಷೆ ಮಾಡಿಸಿ ಮಂಡಳಿಯ ಅನುಮತಿ ಪಡೆಯಿರಿ. ರಂಜಕದ ಗೊಬ್ಬರದ ಕಚ್ಚಾವಸ್ತುವಿಗೆ ನಮ್ಮ ದೇಶವು ಬಹುಪಾಲು ಆಮದನ್ನೇ ನೆಚ್ಚಿದೆ. ಭಾರಲೋಹಗಳಿಲ್ಲದ ಕೆಸರು ನಮ್ಮ ಶೇಂಗಾ ಹೊಲಗಳಿಗೆ ಮರಳಿದರೆ ಅದು ನಷ್ಟದ ಬಾಬ್ತಾಗಿ ಉಳಿಯುವುದಿಲ್ಲ.

(8) ಘಟಕವನ್ನು ಕೊಳ್ಳುವಾಗ ಕರಾರಿನಲ್ಲಿ ಮೂರು ಅಂಕಿಗಳನ್ನು ಬರೆಸಿರಿ: ಯಾವ ನೀರಿನ ಉಷ್ಣತೆಯವರೆಗೆ, ಎಷ್ಟು ಒಣಕೆಸರು ತೆಗೆದಾಗ, ಹೊರನೀರಿನಲ್ಲಿ ರಂಜಕವೆಷ್ಟು. ಈ ಮೂರೂ ಒಟ್ಟಿಗೆ ಇಲ್ಲದ ಭರವಸೆಗೆ ಬೆಲೆಯಿಲ್ಲ. ಅಂತಿಮ ಕಂತಿನ ಹಣವನ್ನು ಒಂದು ಬೇಸಿಗೆ ಕಳೆದ ಮೇಲೆ ಕೊಡುವ ಷರತ್ತನ್ನು ಸೇರಿಸುವುದು ಉಚಿತ.

ಉಪಸಂಹಾರ

ಬಿಓಡಿ ಪರೀಕ್ಷೆಯನ್ನು ಹಿಂದೆ 20 ಡಿಗ್ರಿಯಲ್ಲಿ 5 ದಿನ ಇಟ್ಟು ಮಾಡುತ್ತಿದ್ದರು. ನಮ್ಮ ದೇಶದ ಹವೆಗೆ ಅದು ಹೊಂದದೆಂದು ಈಗಿನ ಮಾನದಂಡದಲ್ಲಿ 27 ಡಿಗ್ರಿ, 3 ದಿನ ಎಂದು ನಿಗದಿಯಾಗಿದೆ. ಅಳೆಯುವ ಕ್ರಮವನ್ನೇ ನಮ್ಮ ಬಿಸಿಲಿಗೆ ತಕ್ಕಂತೆ ಬದಲಿಸಿಕೊಂಡಿರುವಾಗ, ಶುದ್ಧೀಕರಣದ ಘಟಕವನ್ನೂ ನಮ್ಮ ಬಿಸಿಲಿಗೆ ತಕ್ಕಂತೆ ಕಟ್ಟಿಸಿಕೊಳ್ಳುವುದು ನ್ಯಾಯವೇ ಆಗಿದೆ.

ಒಬ್ಬೊಬ್ಬ ಸಣ್ಣ ಉದ್ದಿಮೆದಾರನೂ ಪ್ರತ್ಯೇಕವಾಗಿ ತಜ್ಞರನ್ನು ಕರೆಸಿ, ಮಾದರಿಗಳನ್ನು ಪರೀಕ್ಷಿಸಿ ವಿನ್ಯಾಸ ಮಾಡಿಸುವುದು ದುಬಾರಿ. ಒಂದೇ ಬಗೆಯ ನಾಲ್ಕಾರು ಘಟಕಗಳವರು ಕೂಡಿ ಒಂದು ವರ್ಷದ ಉಷ್ಣತೆ ಹಾಗೂ ರಂಜಕದ ಅಂಕಿಗಳನ್ನು ಸಂಗ್ರಹಿಸಿದರೆ ಖರ್ಚು ಹಂಚಿಹೋಗುತ್ತದೆ, ಮಾರಾಟಗಾರನ ಮುಂದೆ ಮಾತಿಗೂ ತೂಕ ಬರುತ್ತದೆ. ನಮ್ಮ ವಾಣಿಜ್ಯ ಮಂಡಳಿಯು ಇದಕ್ಕೆ ವೇದಿಕೆಯಾಗಬಹುದು. ಬರುವ ಬೇಸಿಗೆಗೆ ಮುನ್ನವೇ ಉಷ್ಣಮಾಪಕವನ್ನು ತೊಟ್ಟಿಗೆ ಇಳಿಸಿ ಪುಸ್ತಕವನ್ನು ತೆರೆಯುವಂತಾದರೆ ಈ ಲೇಖನದ ಶ್ರಮ ಸಾರ್ಥಕ.